ಬೆಕ್ಕಿನ ಬಾಣಂತನ: ಗಬ್ಬದ ದಿನಗಳಿಂದ ಮರಿಗಳು ಬೇರೆ ಮನೆ ಸೇರುವವರೆಗೆ

ಆಷಾಢದ ಮಳೆ ಬಿಡದೆ ಸುರಿಯುತ್ತಿದ್ದ ಒಂದು ರಾತ್ರಿ ನಮ್ಮ ಪುಟ್ಟಿ ಅಟ್ಟದ ಮೇಲೆ, ಅಡಿಕೆ ಚೀಲಗಳ ಸಂದಿಯಲ್ಲಿ ನಾಲ್ಕು ಮರಿ ಹಾಕಿತು. ಬೆಳಿಗ್ಗೆ ಹತ್ತಿ ನೋಡಿದರೆ ಮೂರು ಮರಿ ತಾಯಿಯ ಹೊಟ್ಟೆಗೆ ಅಂಟಿಕೊಂಡು ಹಾಲು ಕುಡಿಯುತ್ತಿದ್ದವು. ನಾಲ್ಕನೆಯದು ಚೀಲದಿಂದ ಜಾರಿ ಒಂದು ಗೇಣು ಕೆಳಗೆ, ಹಲಗೆಯ ಮೇಲೆ ಬಿದ್ದಿತ್ತು. ಮೈಮೇಲೆ ಒಂದು ಗಾಯವೂ ಇರಲಿಲ್ಲ. ಚಳಿಗೆ ಸತ್ತಿತ್ತು.

ಆ ಮರಿಯನ್ನು ಉಳಿಸಲು ಬೇಕಾಗಿದ್ದದ್ದು ಅಂಚು ಎತ್ತರವಿರುವ ಒಂದು ರಟ್ಟಿನ ಡಬ್ಬ ಮತ್ತು ಒಂದು ಹಳೆ ಸೀರೆ, ಅಷ್ಟೇ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯಲ್ಲೂ ಅಕ್ಕಪಕ್ಕದ ಮನೆಗಳಲ್ಲೂ ಹಲವು ಬೆಕ್ಕುಗಳ ಬಾಣಂತನ ನೋಡಿಕೊಂಡಿದ್ದೇನೆ. ಹೊಸಬರು ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ: ಮರಿಗಳ ಮೇಲೆ ಕೈ ಜಾಸ್ತಿ, ತಾಯಿಯ ಮೇಲೆ ಗಮನ ಕಡಿಮೆ. ಮರಿಗೆ ಬೇಕಾದ ಹಾಲು, ಶಾಖ, ಸ್ವಚ್ಛತೆ ಎಲ್ಲವನ್ನೂ ತಾಯಿಯೇ ಕೊಡುತ್ತದೆ. ಆ ತಾಯಿಗೆ ಹೊಟ್ಟೆ ತುಂಬ ಊಟ, ಬೆಚ್ಚಗಿನ ಮೂಲೆ, ಗಲಾಟೆ ಇಲ್ಲದ ಮನೆ ಕೊಡುವುದು ನಮ್ಮ ಪಾಲಿನ ಕೆಲಸ. ಯಾವಾಗ ಕೈ ಹಾಕಬೇಕು, ಯಾವಾಗ ದೂರ ಕೂರಬೇಕು ಎಂಬುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಗಬ್ಬದ ದಿನಗಳು

ಬೆಕ್ಕಿನ ಗಬ್ಬದ ಅವಧಿ ಸುಮಾರು 63ರಿಂದ 65 ದಿನ, ಅಂದರೆ ಎರಡು ತಿಂಗಳಿಗಿಂತ ತುಸು ಹೆಚ್ಚು. ಎರಡು ಮೂರು ದಿನ ಹಿಂದೆಮುಂದೆ ಆಗಬಹುದು. ಬೆದೆಗೆ ಬಂದು ಕೂಗಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಲೆಕ್ಕ ಸುಲಭ. ಮೂರನೇ ವಾರದ ಹೊತ್ತಿಗೆ ಮೊಲೆತೊಟ್ಟುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬುತ್ತವೆ. ಐದನೇ ವಾರದಿಂದ ಹೊಟ್ಟೆ ಕಣ್ಣಿಗೆ ಕಾಣುತ್ತದೆ. ಮರಿ ಎಷ್ಟಿವೆ ಎಂದು ಹೊಟ್ಟೆ ಒತ್ತಿ ನೋಡಲು ಹೋಗಬೇಡಿ. ತಿಳಿಯಲೇಬೇಕಿದ್ದರೆ ಕೊನೆಯ ಎರಡು ವಾರಗಳಲ್ಲಿ ಪಶುವೈದ್ಯರ ಹತ್ತಿರ ಎಕ್ಸ್‌ರೇ ತೆಗೆಸಬಹುದು. ಎಣಿಕೆ ಗೊತ್ತಿದ್ದರೆ ಹೆರಿಗೆ ಮುಗಿಯಿತೋ, ಒಳಗೆ ಇನ್ನೊಂದು ಉಳಿದಿದೆಯೋ ಎಂಬ ಗೊಂದಲ ಇರುವುದಿಲ್ಲ.

ಊಟದ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕು. ನಮ್ಮ ಕಡೆ ಬೆಕ್ಕಿಗೆ ಹಾಲು-ಅನ್ನ, ಮೊಸರನ್ನ ಹಾಕುವುದು ರೂಢಿ. ಹೊರಗೆ ಇಲಿ, ಹಲ್ಲಿ, ಮಿಡತೆ ಹಿಡಿದು ತಿನ್ನುವ ಬೆಕ್ಕು ಅದರಲ್ಲೂ ಬದುಕುತ್ತದೆ. ಫ್ಲ್ಯಾಟಿನ ಒಳಗೇ ಇರುವ ಬೆಕ್ಕಿಗೆ ಆ ದಾರಿ ಇಲ್ಲ. ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶವನ್ನು ತನಗೆ ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲು ಅದರ ದೇಹಕ್ಕೆ ಆಗದು, ಮಾಂಸ ಮೀನಿನಿಂದಲೇ ಬರಬೇಕು. ಅದರ ಕೊರತೆಯಾದರೆ ಗಬ್ಬ ನಿಲ್ಲುವುದಿಲ್ಲ, ಹುಟ್ಟಿದ ಮರಿಗಳೂ ಸಣಕಲಾಗುತ್ತವೆ, ಕಣ್ಣು ಹೃದಯಗಳಿಗೂ ತೊಂದರೆ. ನಮ್ಮದೂ ಸಸ್ಯಾಹಾರಿ ಮನೆಯೇ. ಮಾಂಸ ಬೇಯಿಸುವ ಅಭ್ಯಾಸ ಇಲ್ಲದವರಿಗೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಸಿದ್ಧ ಆಹಾರವೇ ಸರಿಯಾದ ದಾರಿ. ಗಬ್ಬದ ಬೆಕ್ಕಿಗೆ ದೊಡ್ಡ ಬೆಕ್ಕಿನದ್ದಲ್ಲ, ಮರಿಗಳಿಗೆಂದು ಮಾಡಿದ ಆಹಾರ ತನ್ನಿ. ಅದರಲ್ಲಿ ಪ್ರೋಟೀನ್, ಕೊಬ್ಬು, ಸುಣ್ಣದಂಶ ಹೆಚ್ಚಿರುತ್ತದೆ. ಮಾಂಸ ಮಾಡುವ ಮನೆಯಾದರೆ ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದೆ ಬೇಯಿಸಿದ ಕೋಳಿ, ಮೀನನ್ನು ಮೂಳೆ ಬಿಡಿಸಿ ಜೊತೆಗೆ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ, ಆದ್ದರಿಂದ ಸಾರು ಕಲಸಿದ ಅನ್ನ ಬೇಡ.

ಇನ್ನೊಂದು ಮಾತು. ಗಬ್ಬದ ಬೆಕ್ಕಿಗೆ ಶಕ್ತಿ ಬರಲಿ ಎಂದು ಮನೆಯಲ್ಲಿರುವ ಕ್ಯಾಲ್ಸಿಯಂ ಸಿರಪ್ ಕುಡಿಸುವವರಿದ್ದಾರೆ. ವೈದ್ಯರು ಹೇಳದೆ ಅದನ್ನು ಕೊಡಬಾರದು. ಹೊರಗಿನಿಂದ ಬೇಕಾಬಿಟ್ಟಿ ಕ್ಯಾಲ್ಸಿಯಂ ಬಂದರೆ ದೇಹ ತನ್ನ ಮೂಳೆಯಿಂದ ಅದನ್ನು ತೆಗೆದುಕೊಳ್ಳುವ ಅಭ್ಯಾಸವನ್ನೇ ಬಿಡುತ್ತದೆ. ಆಮೇಲೆ ಹಾಲುಣಿಸುವಾಗ ಒಮ್ಮೆಲೇ ಬೇಡಿಕೆ ಏರಿದರೆ ಬೆಕ್ಕು ಕುಸಿಯುತ್ತದೆ.

ಬಾಣಂತಿ ಕೋಣೆ

ದಿನ ತುಂಬಲು ಎರಡು ವಾರ ಇರುವಾಗಲೇ ಜಾಗ ಸಿದ್ಧವಾಗಿರಲಿ. ಟಿವಿ, ಮಿಕ್ಸಿ, ಜನರ ಓಡಾಟದಿಂದ ದೂರದ ಮಬ್ಬುಗತ್ತಲಿನ ಮೂಲೆ ನೋಡಿ. ತಾಯಿ ಕಾಲು ಚಾಚಿ ಮಲಗಿದರೂ ಜಾಗ ಮಿಗುವಷ್ಟು ದೊಡ್ಡ ರಟ್ಟಿನ ಡಬ್ಬ ಸಾಕು. ಒಂದು ಬದಿಯಲ್ಲಿ ಬಾಗಿಲು ಕತ್ತರಿಸಿ. ಆದರೆ ಕೆಳಗೆ ಒಂದು ಗೇಣಿನಷ್ಟು ಅಂಚು ಉಳಿಸಿ. ತಾಯಿ ಸಲೀಸಾಗಿ ದಾಟುತ್ತದೆ, ಮರಿ ಉರುಳಿ ಹೊರಬೀಳುವುದಿಲ್ಲ. ಕೆಳಗೆ ಮಡಿಸಿದ ಗೋಣಿಚೀಲ, ಅದರ ಮೇಲೆ ದಪ್ಪಕ್ಕೆ ದಿನಪತ್ರಿಕೆ, ಮೇಲೆ ಒಗೆದ ಹಳೆ ಕಾಟನ್ ಸೀರೆ. ನೂಲು ಕಿತ್ತುಬರುವ ಟವೆಲ್ ಬೇಡ, ಮರಿಯ ಉಗುರು, ಕಾಲು ಸಿಕ್ಕಿಕೊಳ್ಳುತ್ತವೆ. ಸೀರೆಗಳ ನಡುವೆ ನುಸಿಗುಳಿಗೆ ಇಟ್ಟಿದ್ದರೆ ಆ ಬಟ್ಟೆಯನ್ನು ಬಳಸಲೇಬೇಡಿ. ನ್ಯಾಫ್ತಲೀನ್ ಬೆಕ್ಕಿಗೆ ವಿಷ.

ಫಿನೈಲಿನ ಬಗ್ಗೆಯೂ ಇದೇ ಎಚ್ಚರ. ನೆಲ ಒರೆಸಲು ನಾವು ನಿತ್ಯ ಬಳಸುವ ಫಿನೈಲನ್ನು ಬೆಕ್ಕಿನ ಯಕೃತ್ತು (ಲಿವರ್) ಅರಗಿಸಿಕೊಳ್ಳಲಾರದು. ಕಾಲಿಗೆ ಹತ್ತಿದ್ದನ್ನು ನೆಕ್ಕಿದರೂ ಕಾಯಿಲೆ ಬೀಳುತ್ತದೆ. ಬಾಣಂತಿ ಕೋಣೆಗೆ ಬಿಸಿನೀರು, ಸೋಪು ಸಾಕು.

ಡಬ್ಬದ ಸುತ್ತ ಇರುವೆ ಬರದಂತೆ ನೋಡಿಕೊಳ್ಳುವುದು ನಮ್ಮ ಹಳ್ಳಿಮನೆಗಳಲ್ಲಿ ಬಹಳ ಮುಖ್ಯ. ಹೆರಿಗೆಯ ವಾಸನೆಗೆ ಕೆಂಪಿರುವೆ ಸಾಲುಗಟ್ಟಿ ಬರುತ್ತವೆ, ಕಣ್ಣು ಬಿಡದ ಮರಿಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಇರುವೆ ಪುಡಿ ಹಾಕಿದರೆ ಬೆಕ್ಕು ನೆಕ್ಕುತ್ತದೆ. ಡಬ್ಬವನ್ನು ಅಗಲವಾದ ಮಣೆಯ ಮೇಲಿಟ್ಟು, ಮಣೆಯ ನಾಲ್ಕು ಕಾಲಿಗೂ ನೀರಿನ ಬಟ್ಟಲು ಕೊಡುವ ಹಳೆಯ ಉಪಾಯವೇ ಒಳ್ಳೆಯದು. ಹೊರಗಿನ ಗಂಡು ಬೆಕ್ಕು ಒಳಬರುವ ಕಿಟಕಿಯನ್ನೂ ಮುಚ್ಚಿ. ಅವು ಮರಿಗಳನ್ನು ಕೊಲ್ಲುವುದುಂಟು.

ಇಷ್ಟೆಲ್ಲ ಮಾಡಿದ ಮೇಲೂ ಬೆಕ್ಕು ಬಟ್ಟೆಯ ಕಪಾಟನ್ನೇ ಆರಿಸಿಕೊಳ್ಳಬಹುದು. ಜಗಳ ಬೇಡ. ಅಲ್ಲೇ ಹೆರಲಿ, ಎಲ್ಲ ಮುಗಿದ ಮೇಲೆ ಡಬ್ಬವನ್ನೇ ಅಲ್ಲಿಗೆ ಒಯ್ದರಾಯಿತು.

ಕೈಗೆಟಕುವಂತೆ ಇಟ್ಟುಕೊಳ್ಳಬೇಕಾದವು: ಒಣ ಬಟ್ಟೆ ನಾಲ್ಕೈದು, ಕುದಿಸಿದ ಕತ್ತರಿ ಮತ್ತು ದಾರ, ಪೊವಿಡೋನ್ ಅಯೋಡಿನ್, ಬಿಸಿನೀರು ತುಂಬಲು ಬಾಟಲಿ, ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ರಾತ್ರಿಯೂ ಫೋನ್ ಎತ್ತುವ ಪಶುವೈದ್ಯರ ನಂಬರ್. ದೊಡ್ಡ ಊರುಗಳಲ್ಲಿ ಖಾಸಗಿ ಕ್ಲಿನಿಕ್ ಇರುತ್ತವೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಸಿಸೇರಿಯನ್ ಮಾಡುವ ಸೌಲಭ್ಯ ಇದೆಯೇ ಎಂದು ಮೊದಲೇ ವಿಚಾರಿಸಿಡಿ. ನೋವು ಶುರುವಾದ ಮೇಲೆ ವಿಚಾರಿಸಲು ಸಮಯ ಇರುವುದಿಲ್ಲ.

ಹೆರಿಗೆಯ ರಾತ್ರಿ

ಹೆಚ್ಚಿನ ಬೆಕ್ಕುಗಳು ರಾತ್ರಿಯನ್ನೇ ಆರಿಸಿಕೊಳ್ಳುತ್ತವೆ. ಮುಂಚಿನ ದಿನ ಊಟ ಬಿಡುತ್ತದೆ, ಕಾಲು ಸುಟ್ಟ ಬೆಕ್ಕಿನ ಹಾಗೆ ಎನ್ನುತ್ತೇವಲ್ಲ, ಥೇಟ್ ಹಾಗೆಯೇ ಮನೆ ತುಂಬ ಸುತ್ತುತ್ತದೆ, ಬಟ್ಟೆ ಕೆರೆಯುತ್ತದೆ, ಹಿಂಭಾಗ ನೆಕ್ಕಿಕೊಳ್ಳುತ್ತದೆ. ಮೈಶಾಖವೂ ಇಳಿಯುತ್ತದೆ: ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುವುದು 37.8ಕ್ಕಿಂತ ಕೆಳಗೆ ಬಂದರೆ ಇನ್ನೊಂದು ದಿನದೊಳಗೆ ಹೆರಿಗೆ. ಕೆಲವು ಬೆಕ್ಕುಗಳು ನಮ್ಮನ್ನು ಹತ್ತಿರ ಇಟ್ಟುಕೊಳ್ಳಲು ಬಯಸಿ ಕೂಗಿ ಕೂಗಿ ಕರೆಯುತ್ತವೆ, ಕೆಲವಕ್ಕೆ ನಮ್ಮ ನೆರಳೂ ಬೇಡ. ಕರೆದರೆ ಹೋಗಿ ಕೂರಿ. ಕರೆಯದಿದ್ದರೆ ಬಾಗಿಲ ಸಂದಿಯಿಂದ ನೋಡಿ.

ಮುಕ್ಕುವುದು, ಅಂದರೆ ಮರಿಯನ್ನು ಹೊರದೂಡಲು ತಿಣುಕುವುದು ಶುರುವಾದ ಮೇಲೆ ಅರ್ಧ ಗಂಟೆಯೊಳಗೆ ಮೊದಲ ಮರಿ ಬರಬೇಕು. ತೆಳುವಾದ ಪೊರೆಯ ಚೀಲದೊಳಗೇ ಮರಿ ಹುಟ್ಟುತ್ತದೆ. ತಾಯಿ ಪೊರೆ ಹರಿದು, ಮುಖ ನೆಕ್ಕಿ, ಹೊಕ್ಕುಳಬಳ್ಳಿ ಕಡಿದು, ಹಿಂದೆ ಬಂದ ಮಾಸನ್ನು ತಿಂದುಹಾಕುತ್ತದೆ. ಅಸಹ್ಯ ಪಡಬೇಡಿ, ತಡೆಯಬೇಡಿ. ಆದರೆ ಎಣಿಸಿ: ಎಷ್ಟು ಮರಿಯೋ ಅಷ್ಟು ಮಾಸು. ಒಂದು ಒಳಗೆ ಉಳಿದರೆ ಗರ್ಭಕೋಶಕ್ಕೆ ನಂಜಾಗುತ್ತದೆ. ಬಾಲ ಮುಂದಾಗಿ, ಹಿಂಗಾಲು ಮುಂದಾಗಿ ಹುಟ್ಟುವುದು ಬೆಕ್ಕಿನಲ್ಲಿ ಮಾಮೂಲು, ಗಾಬರಿ ಬೇಡ.

ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಹತ್ತು ನಿಮಿಷದಿಂದ ಒಂದು ಗಂಟೆ ಸಾಮಾನ್ಯ. ಕೆಲವೊಮ್ಮೆ ಬೆಕ್ಕು ನಡುವೆಯೇ ಹೆರಿಗೆ ನಿಲ್ಲಿಸಿ, ಇದ್ದ ಮರಿಗಳಿಗೆ ಹಾಲೂಡಿಸಿ, ತಾನೂ ಉಂಡು, ಗಂಟೆಗಟ್ಟಲೆ ಬಿಟ್ಟು ಉಳಿದವನ್ನು ಹೆರುವುದೂ ಉಂಟು. ಅದು ಆರಾಮಾಗಿದ್ದರೆ, ಮುಕ್ಕುತ್ತಿಲ್ಲವಾದರೆ ಹೆದರಬೇಕಿಲ್ಲ.

ತಾಯಿ ಒಂದೆರಡು ನಿಮಿಷವಾದರೂ ಪೊರೆ ಹರಿಯದಿದ್ದರೆ ಮಾತ್ರ ನಿಮ್ಮ ಕೈ. ಮೂಗಿನ ಹತ್ತಿರ ಪೊರೆಯನ್ನು ಬೆರಳಿನಿಂದ ಹರಿದು, ಬಾಯಿ ಮೂಗಿನ ಲೋಳೆ ಒರೆಸಿ. ಒಣ ಬಟ್ಟೆಯಲ್ಲಿ ಮರಿಯನ್ನು ಹಿಡಿದು, ತಲೆ ತುಸು ಕೆಳಗೆ ಮಾಡಿ, ಬೆನ್ನು ಪಕ್ಕೆಗಳನ್ನು ಚೆನ್ನಾಗಿ ಉಜ್ಜಿ. ಮೆಲ್ಲಗೆ ಸವರುವುದಲ್ಲ, ತಾಯಿಯ ಒರಟು ನಾಲಿಗೆಯ ಕೆಲಸ ನಿಮ್ಮ ಬಟ್ಟೆ ಮಾಡಬೇಕು. ಕೀಚ್ ಎಂದು ಕೂಗುವವರೆಗೆ ಬಿಡಬೇಡಿ. ಕೈಯಲ್ಲಿ ಹಿಡಿದು ಬೀಸುವ ಪದ್ಧತಿ ಕೆಲವೆಡೆ ಇದೆ, ಅದು ಬೇಡ, ಮಿದುಳಿಗೆ ಪೆಟ್ಟಾಗುತ್ತದೆ. ಬಳ್ಳಿ ಕಡಿಯದಿದ್ದರೆ ಹೊಟ್ಟೆಯಿಂದ ಸುಮಾರು ಎರಡು ಬೆರಳು ದೂರಕ್ಕೆ ದಾರ ಕಟ್ಟಿ, ಅದರಾಚೆ ಕತ್ತರಿಸಿ, ತುದಿಗೆ ಅಯೋಡಿನ್ ಹಚ್ಚಿ. ಬಳ್ಳಿಯನ್ನು ಎಳೆಯಬಾರದು. ಮೂರರಿಂದ ಐದು ದಿನಕ್ಕೆ ಅದು ಒಣಗಿ ಬೀಳುತ್ತದೆ.

ಈ ಕೆಳಗಿನ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಹೊರಡಿ:

- ಜೋರಾಗಿ ಮುಕ್ಕುತ್ತಿದ್ದರೂ ಅರ್ಧ ಗಂಟೆಯಲ್ಲಿ ಮರಿ ಬಾರದಿರುವುದು
- ಮರಿ ಅರ್ಧ ಹೊರಬಂದು ಸಿಕ್ಕಿಕೊಂಡಿರುವುದು
- ಇನ್ನೂ ಮರಿ ಇರುವುದು ಖಚಿತವಿದ್ದು ಎರಡು ಗಂಟೆ ಕಳೆದು, ಬೆಕ್ಕು ಸೋತು ಮಲಗಿರುವುದು
- ಕೆಂಪು ರಕ್ತ ಧಾರೆಯಾಗಿ ಹರಿಯುವುದು, ಅಥವಾ ಮರಿ ಬಾರದೆ ಕಡುಹಸಿರು ಸ್ರಾವ, ದುರ್ವಾಸನೆ

ಮೊದಲ ಮೂರು ದಿನ

ಮೊದಲ ಹಾಲು, ನಾವು ಗಿಣ್ಣು ಎನ್ನುತ್ತೇವಲ್ಲ, ಅದು ಮರಿಯ ಹೊಟ್ಟೆಗೆ ಬೇಗ ಸೇರಬೇಕು. ತಾಯಿಯ ರೋಗನಿರೋಧಕ ಶಕ್ತಿ ಆ ಹಾಲಿನ ಮೂಲಕವೇ ದಾಟುತ್ತದೆ, ಮತ್ತು ಮರಿಯ ಕರುಳು ಅದನ್ನು ಹೀರಿಕೊಳ್ಳುವುದು ಹುಟ್ಟಿದ ಮೊದಲ 16ರಿಂದ 18 ಗಂಟೆ ಮಾತ್ರ. ಹಾಗಾಗಿ ಹೆರಿಗೆ ಮುಗಿದ ಮೇಲೆ ಎಲ್ಲ ಮರಿಗಳ ಬಾಯೂ ಮೊಲೆಯಲ್ಲಿದೆಯೇ ಎಂಬುದಷ್ಟನ್ನು ನೋಡಿ. ಬಲವಿಲ್ಲದ ಮರಿಯನ್ನು ಎತ್ತಿ ಹಿಂಗಾಲಿನ ಬಳಿಯ ಮೊಲೆಗೆ ಹಿಡಿಯಿರಿ. ಸಾಮಾನ್ಯವಾಗಿ ಅಲ್ಲಿ ಹಾಲು ಜಾಸ್ತಿ. ಎರಡು ಮೂರು ದಿನದಲ್ಲಿ ಪ್ರತಿ ಮರಿಯೂ ತನ್ನದೊಂದು ಮೊಲೆ ಗೊತ್ತುಮಾಡಿಕೊಳ್ಳುತ್ತದೆ, ಕಣ್ಣಿಲ್ಲದಿದ್ದರೂ ವಾಸನೆಯಲ್ಲೇ ಹುಡುಕಿಕೊಂಡು ಅಲ್ಲಿಗೇ ಬರುತ್ತದೆ.

ಮೊದಲ ವಾರ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಗೂಡಿನೊಳಗೆ 29ರಿಂದ 32 ಡಿಗ್ರಿ ಶಾಖ ಬೇಕು. ಮಲೆನಾಡಿನ ಮಳೆಗಾಲ, ಬಯಲುಸೀಮೆಯ ಡಿಸೆಂಬರ್ ಆದರೆ ಬಾಟಲಿಗೆ ಬಿಸಿನೀರು ತುಂಬಿ, ಎರಡು ಸುತ್ತು ಬಟ್ಟೆ ಸುತ್ತಿ, ಡಬ್ಬದ ಒಂದೇ ಬದಿಗಿಡಿ. ಇನ್ನೊಂದು ಬದಿ ತಂಪಾಗಿರಲಿ, ಸೆಕೆಯಾದರೆ ಮರಿ ತೆವಳಿ ಆಚೆ ಹೋಗಲು ಜಾಗ ಬೇಕು. ಕಲಬುರಗಿ, ರಾಯಚೂರಿನ ಏಪ್ರಿಲ್ಲಿನಲ್ಲಿ ಸಮಸ್ಯೆ ತಿರುಗುಮುರುಗು: ತಾರಸಿಯ ಕೆಳಗಿನ ಕೋಣೆ ಬಿಟ್ಟು ನೆಲಮಾಳಿಗೆಯ ತಂಪು ಮೂಲೆ ನೋಡಬೇಕು. ಮರಿಗಳು ಒಂದರ ಮೇಲೊಂದು ಗುಡ್ಡೆಯಾಗಿ ಸದ್ದಿಲ್ಲದೆ ಮಲಗಿದ್ದರೆ ಶಾಖ ಸರಿಯಿದೆ. ಚೆಲ್ಲಾಪಿಲ್ಲಿಯಾಗಿ ಬಾಯಿ ತೆರೆದು ಮಲಗಿದ್ದರೆ ಸೆಕೆ. ಬಿಡದೆ ಕೂಗುತ್ತಿದ್ದರೆ ಚಳಿ ಇಲ್ಲವೆ ಹಸಿವು.

ಮನುಷ್ಯ ಮುಟ್ಟಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎಂಬ ಮಾತು ಸಾಕಿದ ಬೆಕ್ಕಿನ ಮಟ್ಟಿಗೆ ನಿಜವಲ್ಲ. ನಿಮ್ಮ ವಾಸನೆ ಅದಕ್ಕೆ ಗೊತ್ತು. ಆದರೆ ನೆಂಟರು, ಓಣಿಯ ಮಕ್ಕಳು ಸರದಿಯಲ್ಲಿ ಬಂದು ಎತ್ತಿ ನೋಡಿದರೆ ಅದು ಮರಿಗಳನ್ನು ಬೇರೆ ಕಡೆಗೆ ಸಾಗಿಸುವುದು ಖಂಡಿತ. ಮೊದಲ ವಾರ ಮನೆಯವರಲ್ಲಿ ಒಬ್ಬರೇ, ದಿನಕ್ಕೊಂದು ಸಲ, ತೂಕಕ್ಕೆ ಮಾತ್ರ ಮರಿ ಮುಟ್ಟಲಿ.

ತಕ್ಕಡಿ ಹೇಳುವುದನ್ನು ನಂಬಿ

ಈ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರಿಗೆ ನಾನು ತೋರಿಸುವುದು ಇದನ್ನೇ. ಹುಟ್ಟಿದ ಮರಿ ಸುಮಾರು 90ರಿಂದ 110 ಗ್ರಾಂ ಇರುತ್ತದೆ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಎರಡು ವಾರ ತುಂಬುವ ಹೊತ್ತಿಗೆ ಹುಟ್ಟಿದಾಗಿನ ತೂಕದ ಎರಡರಷ್ಟಾಗಿರಬೇಕು. ದಿನವೂ ಒಂದೇ ಹೊತ್ತಿಗೆ, ತಾಯಿ ಊಟಕ್ಕೆ ಎದ್ದಾಗ, ತಕ್ಕಡಿಯ ಮೇಲೆ ಬಟ್ಟೆ ಹಾಸಿದ ಬಟ್ಟಲಿಟ್ಟು ಒಂದೊಂದನ್ನೇ ತೂಗಿ ಬರೆದಿಡಿ. ಎಲ್ಲ ಒಂದೇ ಬಣ್ಣದವಾದರೆ ಗುರುತಿಗೆ ಕಿವಿಯ ಬಳಿ ಕೂದಲಿನ ತುದಿ ತುಸು ಕತ್ತರಿಸಿ. ಕತ್ತಿಗೆ ದಾರ ಕಟ್ಟಬೇಡಿ.

ಪುಟ್ಟಿಯ ಎರಡನೇ ಸೂಲಿನಲ್ಲಿ ಐದು ಮರಿ. ನಾಲ್ಕು ನೂರರ ಆಸುಪಾಸಿನವು. ಕಪ್ಪು-ಬಿಳಿಯ ಒಂದು ಮರಿ ಮಾತ್ರ 78 ಗ್ರಾಂ. ನೋಡಲು ಚುರುಕಾಗಿಯೇ ಇತ್ತು, ಮೊಲೆ ಚೀಪುತ್ತಲೇ ಇತ್ತು. ನಮ್ಮಮ್ಮನೂ "ಕುಡೀತಾ ಇದೆಯಲ್ಲೇ, ಬಿಡು" ಎಂದರು. ಎರಡನೇ ದಿನ 79, ಮೂರನೇ ದಿನ 77. ಅದೇ ಹೊತ್ತಿಗೆ ಉಳಿದವು 130ರ ಹತ್ತಿರ. ತಕ್ಕಡಿ ಇಲ್ಲದಿದ್ದರೆ ಐದನೇ ದಿನ ಬೆಳಿಗ್ಗೆ ಅದು ತಣ್ಣಗಾಗಿರುವುದನ್ನು ಕಂಡು ಅದರ ಆಯಸ್ಸೇ ಅಷ್ಟು ಎಂದುಕೊಳ್ಳುತ್ತಿದ್ದೆವು. ಅದು ಚೀಪುತ್ತಿತ್ತು, ಆದರೆ ಉಳಿದವು ದೂಡುತ್ತಿದ್ದರಿಂದ ಹಾಲು ಇಳಿಯುವ ಹೊತ್ತಿಗೆ ಬಾಯಿ ಜಾರುತ್ತಿತ್ತು. ದಿನಕ್ಕೆ ಆರು ಸಲ ಬೇರೆ ಮರಿಗಳನ್ನು ಕಾಲು ಗಂಟೆ ಬೆಚ್ಚಗಿನ ಬುಟ್ಟಿಯಲ್ಲಿಟ್ಟು ಇದೊಂದನ್ನೇ ಮೊಲೆಗೆ ಬಿಟ್ಟೆ. ಅದರ ಪುಟಾಣಿ ಮುಂಗಾಲು ಎರಡೂ ತಾಯಿಯ ಹೊಟ್ಟೆಯನ್ನು ಹಿಟ್ಟು ನಾದುವ ಹಾಗೆ ಒತ್ತುತ್ತಿದ್ದವು. ಕಿವಿ ಕುಣಿಯತೊಡಗಿದರೆ ಹಾಲು ಇಳಿಯುತ್ತಿದೆ ಎಂದು ಅರ್ಥ. ನಾಲ್ಕನೇ ದಿನ 84, ಐದನೇ ದಿನ 93.

ಒಂದು ದಿನ ತೂಕ ಏರದಿದ್ದರೆ ಹೀಗೆ ತಾಯಿಯ ಹಾಲನ್ನೇ ಹೆಚ್ಚು ಸಿಗುವಂತೆ ಮಾಡಿ. ಎರಡು ದಿನ ಏರದಿದ್ದರೆ, ಅಥವಾ ಇಳಿದರೆ ಮೇಲುಹಾಲು ಮತ್ತು ವೈದ್ಯರು ಎರಡೂ ಬೇಕು.

ಮೇಲುಹಾಲು ಕೊಡಬೇಕಾದಾಗ

ಹಸುವಿನ ಹಾಲು ಬೇಡ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಅದರ ಸುಮಾರು ಎರಡರಷ್ಟು. ನೀರು ಬೆರೆಸಿದ ಹಸುವಿನ ಹಾಲು ಕುಡಿದ ಮರಿ ಹೊಟ್ಟೆ ತುಂಬಿಯೂ ಉಪವಾಸ ಇರುತ್ತದೆ, ಭೇದಿಯೂ ಆಗುತ್ತದೆ. ಬೆಕ್ಕಿನ ಮರಿಗೆಂದೇ ಇರುವ ಹಾಲಿನ ಪುಡಿ ಸಾಕುಪ್ರಾಣಿಗಳ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಮಳೆಗಾಲದ ಹಳ್ಳಿಯಲ್ಲಿರುವವರು ಹೆರಿಗೆಗೆ ಮುಂಚೆಯೇ ಒಂದು ಡಬ್ಬಿ ತರಿಸಿಡಿ.

ತಣ್ಣಗಾದ ಮರಿಗೆ ಹಾಲು ಕೊಡಬಾರದು. ಮೈ 35 ಡಿಗ್ರಿಗಿಂತ ಕೆಳಗಿದ್ದರೆ ಕರುಳು ಕೆಲಸ ಮಾಡುವುದಿಲ್ಲ, ಹಾಲು ಒಳಗೇ ಕೊಳೆಯುತ್ತದೆ. ಮೊದಲು ನಿಮ್ಮ ಎದೆಗೆ ತಾಗಿಸಿ, ಮೇಲೆ ಶಾಲು ಹೊದ್ದು, ಒಂದು ಗಂಟೆಯಾದರೂ ನಿಧಾನವಾಗಿ ಬೆಚ್ಚಗೆ ಮಾಡಿ. ಬೆಂಕಿಯ ಮುಂದೆ ಹಿಡಿಯಬೇಡಿ. ಸೋತು ಜೋತುಬಿದ್ದಿದ್ದರೆ ಗ್ಲೂಕೋಸ್ ನೀರನ್ನು ಬೆರಳ ತುದಿಯಲ್ಲಿ ಒಸಡಿಗೆ ಸವರಿ, ಆ ಶಾಲಿನಲ್ಲೇ ವೈದ್ಯರ ಬಳಿ ಕರೆದೊಯ್ಯಿರಿ.

ಮೈ ಬಿಸಿಯಾದ ಮೇಲೆ, ಮೊಣಕೈಗೆ ಹನಿ ಹಾಕಿದರೆ ಬೆಚ್ಚಗನಿಸುವಷ್ಟು ಬಿಸಿಯ ಹಾಲನ್ನು ಸೂಜಿ ತೆಗೆದ ಸಿರಿಂಜ್ ಅಥವಾ ಪುಟ್ಟ ನಿಪ್ಪಲಿನಿಂದ ಹನಿಹನಿಯಾಗಿ ಕೊಡಿ. ಮರಿ ಹೊಟ್ಟೆ ಕೆಳಗಾಗಿ, ತಾಯಿಯ ಬಳಿ ಕುಡಿಯುವಂತೆಯೇ ಇರಬೇಕು. ಮಗುವನ್ನು ಮಲಗಿಸಿಕೊಂಡಂತೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. 100 ಗ್ರಾಂ ತೂಕದ ಮರಿಗೆ ಒಂದು ಸಲಕ್ಕೆ ಸುಮಾರು 4 ಮಿ.ಲೀ. ಮೀರಬೇಡಿ. ತಾಯಿಯೇ ಇಲ್ಲದ ಮರಿಯಾದರೆ ಮೊದಲ ವಾರ ರಾತ್ರಿ ಹಗಲೆನ್ನದೆ ಎರಡು ಮೂರು ಗಂಟೆಗೊಮ್ಮೆ ಕೊಡಬೇಕು. ಪ್ರತಿ ಸಲವೂ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗ ಸವರಿ ಉಚ್ಚೆ, ಕಕ್ಕ ಮಾಡಿಸಬೇಕು. ಮೂರು ವಾರದವರೆಗೆ ಅದು ತಾನಾಗಿ ಮಾಡಲಾರದು. ತಾಯಿ ಇದ್ದಾಗ ನೆಕ್ಕಿ ನೆಕ್ಕಿ ಮಾಡಿಸುವುದು ಅದನ್ನೇ.

ತಾಯಿಯ ಆರೈಕೆ

ಮೂರು ನಾಲ್ಕನೇ ವಾರದಲ್ಲಿ ಹಾಲು ಉಚ್ಛ್ರಾಯದಲ್ಲಿರುತ್ತದೆ. ಆಗ ತಾಯಿಗೆ ಎಂದಿನ ಎರಡರಿಂದ ಮೂರರಷ್ಟು ಆಹಾರ ಬೇಕು. ಹೊತ್ತುಗೊತ್ತು ನೋಡದೆ ತಟ್ಟೆ ತುಂಬಿಸಿಡಿ. ಮರಿಗಳ ಆಹಾರವನ್ನೇ ಮುಂದುವರಿಸಿ. ತಟ್ಟೆ ಡಬ್ಬದ ಹತ್ತಿರವಿರಲಿ, ಕೆಲವು ತಾಯಂದಿರು ಮರಿ ಬಿಟ್ಟು ಅಡುಗೆಮನೆಯವರೆಗೂ ಬರುವುದಿಲ್ಲ. ನೀರು ಸದಾ ಇರಲಿ. ಆದರೆ ಮರಿ ಮುಳುಗದಂತೆ ಡಬ್ಬದ ಹೊರಗಿರಲಿ. ಬಾಣಂತಿಗೆ ಎಂದು ಲೋಟಗಟ್ಟಲೆ ಹಸುವಿನ ಹಾಲು ಹಾಕಿದರೆ ಹಾಲು ಹೆಚ್ಚುವುದಿಲ್ಲ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ, ಬಂದ ಹಾಲೂ ಬತ್ತುತ್ತದೆ.

ದಿನಕ್ಕೊಮ್ಮೆ ಮೊಲೆಗಳನ್ನು ಮುಟ್ಟಿ ನೋಡಿ. ಒಂದು ಕಲ್ಲಿನಂತೆ ಗಟ್ಟಿಯಾಗಿ, ಬಿಸಿಯಾಗಿ, ಮುಟ್ಟಿದರೆ ಬೆಕ್ಕು ಗುರ್ರೆಂದರೆ ಕೆಚ್ಚಲು ಬಾವು. ಬಿಸಿ ಬಟ್ಟೆಯ ಶಾಖ ಕೊಡುತ್ತಾ ಅಂದೇ ವೈದ್ಯರಿಗೆ ತೋರಿಸಿ. ಕಂದುಗೆಂಪು ಸ್ರಾವ ಎರಡು ಮೂರು ವಾರ ಸ್ವಲ್ಪ ಸ್ವಲ್ಪ ಇರುವುದು ಸರಿ. ಕೀವಿನಂತಾಗಿ ನಾರಿದರೆ, ತಾಯಿ ಊಟ ಬಿಟ್ಟು ಮರಿಗಳನ್ನು ಕಡೆಗಣಿಸಿದರೆ ಗರ್ಭಕೋಶದ ನಂಜು. ಎಲ್ಲಕ್ಕಿಂತ ತುರ್ತಿನದು ಹಾಲಿನ ಜ್ವರ: ಮೈ ಅದುರುವುದು, ಕಾಲು ಸೆಟೆಯುವುದು, ಏದುಸಿರು, ತೂರಾಡುವ ನಡಿಗೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಾಗ ಹೀಗಾಗುತ್ತದೆ. ಮರಿಗಳನ್ನು ಆಗಲೇ ಮೊಲೆ ಬಿಡಿಸಿ, ತಾಯಿಯನ್ನು ಆಸ್ಪತ್ರೆಗೆ ಒಯ್ಯಿರಿ. ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬೇಗ ಚೇತರಿಸಿಕೊಳ್ಳುತ್ತದೆ. ತಡಮಾಡಿದರೆ ಜೀವಕ್ಕೇ ಅಪಾಯ.

ಜ್ವರವಿದೆ ಎಂದು ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ. ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲುತ್ತದೆ.

ಮರಿಗಳನ್ನು ಸಾಗಿಸಿದರೆ

ಬೆಕ್ಕು ಏಳು ಮನೆ ತಿರುಗಿಸಿ ಮರಿ ಸಾಕುತ್ತದೆ ಎಂದು ನಮ್ಮ ಹಿರಿಯರು ಹೇಳುವುದು ಕಂಡದ್ದನ್ನೇ. ಗೂಡಿನ ವಾಸನೆ ಹೆಚ್ಚಿದರೆ, ಗಂಡು ಬೆಕ್ಕಿನ ಸುಳಿವು ಹತ್ತಿದರೆ, ಜನ ಇಣುಕಿದರೆ ಅದು ಜಾಗ ಬದಲಿಸುತ್ತದೆ. ಕತ್ತಿನ ಹಿಂದಿನ ಸಡಿಲ ಚರ್ಮವನ್ನು ತಾಯಿ ಕಚ್ಚಿದೊಡನೆ ಮರಿ ಕಾಲು ಮಡಿಸಿ, ಮೈ ಸಡಿಲ ಬಿಟ್ಟು, ಉಸಿರೆತ್ತದೆ ತೂಗುತ್ತದೆ. ಶ್ರೀವೈಷ್ಣವರು ಶರಣಾಗತಿಯನ್ನು ವಿವರಿಸಲು ಮರ್ಕಟಕಿಶೋರ, ಮಾರ್ಜಾಲಕಿಶೋರ ಎಂದು ಎರಡು ನ್ಯಾಯ ಹೇಳುತ್ತಾರೆ: ಕೋತಿಮರಿ ತಾನೇ ತಾಯಿಯನ್ನು ಬಿಗಿದಪ್ಪಿ ಹಿಡಿಯಬೇಕು, ಬೆಕ್ಕಿನ ಮರಿ ತನ್ನನ್ನು ಪೂರ್ತಿ ತಾಯಿಗೆ ಒಪ್ಪಿಸಿಬಿಡುತ್ತದೆ. ಅಟ್ಟದ ಏಣಿಯಲ್ಲಿ ಪುಟ್ಟಿ ಒಂದೊಂದೇ ಮರಿ ಕಚ್ಚಿಕೊಂಡು ಇಳಿಯುವುದನ್ನು ಕಂಡ ದಿನ ಆ ಮಾತು ನನಗೆ ಚೆನ್ನಾಗಿ ತಿಳಿಯಿತು. ಹಾಗೆಂದು ನೀವು ಕತ್ತು ಹಿಡಿದು ಎತ್ತಬೇಡಿ. ಅಂಗೈ ಕೆಳಗೆ ಕೊಟ್ಟೇ ಎತ್ತಿ.

ಹೊಸ ಜಾಗ ಸುರಕ್ಷಿತವಾಗಿದ್ದರೆ ಅಲ್ಲೇ ಬಿಡಿ. ಸೂರಿನ ಮೇಲೆ, ಕಾರಿನ ಇಂಜಿನ್ನಿನಲ್ಲಿ ಇಟ್ಟಿದ್ದರೆ ಮಾತ್ರ ಎಲ್ಲವನ್ನೂ ಒಟ್ಟಿಗೆ ತಂದು, ಡಬ್ಬವನ್ನು ಇನ್ನೊಂದು ಕೋಣೆಗೆ ಬದಲಿಸಿ, ಬಟ್ಟೆ ಬದಲಿಸಿ, ಬಾಗಿಲು ಹಾಕಿ. ಬಟ್ಟೆ ಬದಲಿಸುವಾಗ ಹಳೆಯದರ ಒಂದು ತುಂಡನ್ನು ಬಿಡುವುದು ಒಳ್ಳೆಯದು, ಗೂಡಿನ ವಾಸನೆ ಪೂರ್ತಿ ಅಳಿಯುವುದಿಲ್ಲ.

ಎರಡನೇ ವಾರದಿಂದ

ಏಳರಿಂದ ಹದಿನಾಲ್ಕು ದಿನದೊಳಗೆ ಕಣ್ಣು ತೆರೆಯುತ್ತದೆ. ಎಲ್ಲ ಮರಿಗಳ ಕಣ್ಣೂ ಮೊದಲು ನೀಲಿಯೇ. ಬೆರಳಿನಿಂದ ಬಿಡಿಸಬೇಡಿ. ಆದರೆ ಮುಚ್ಚಿದ ರೆಪ್ಪೆಯ ಹಿಂದೆ ಊತ ಕಂಡರೆ, ಮೂಲೆಯಲ್ಲಿ ಕೀವು ಬಂದರೆ ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಒರೆಸಿ, ಆ ದಿನವೇ ವೈದ್ಯರಿಗೆ ತೋರಿಸಿ. ತಡವಾದರೆ ಕಣ್ಣು ಹೋಗುತ್ತದೆ.

ಚಿಗಟದ ವಿಷಯ. ಇಷ್ಟು ಚಿಕ್ಕ ಮೈಯಲ್ಲಿ ಇಪ್ಪತ್ತು ಚಿಗಟ ರಕ್ತ ಹೀರಿದರೆ ಒಸಡು ಬಿಳಿಚಿಕೊಂಡು ಮರಿ ಸಾಯುತ್ತದೆ. ಒಮ್ಮೆ ಅಂಗಡಿಯೊಂದರಲ್ಲಿ ಕೇಳಿದಾಗ ನಾಯಿಗೆ ಹಾಕುವ ಪುಡಿಯನ್ನೇ ಕೊಟ್ಟಿದ್ದರು. ಅದರಲ್ಲಿದ್ದದ್ದು ಪರ್ಮೆಥ್ರಿನ್. ನಾಯಿಗೆ ಏನೂ ಆಗದ ಆ ಔಷಧಿ ಬೆಕ್ಕಿಗೆ ಮಾರಕ ವಿಷ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದ್ದರಿಂದ ಉಳಿದೆವು. ಎಳೆಯ ಮರಿಗೆ ಹೇನು ಬಾಚಣಿಗೆಯಲ್ಲಿ ಬಾಚಿ ಚಿಗಟವನ್ನು ಸೋಪಿನ ನೀರಿಗೆ ಹಾಕುವುದೇ ದಾರಿ. ಬಟ್ಟೆಗಳನ್ನು ಕುದಿಯುವ ನೀರಿನಲ್ಲಿ ಒಗೆಯಿರಿ. ತಾಯಿಗೆ ಯಾವ ಔಷಧಿ ಎಂದು ವೈದ್ಯರೇ ಹೇಳಲಿ.

ಜಂತುಹುಳು ತಾಯಿಯ ಹಾಲಿನ ಮೂಲಕವೇ ಮರಿಗೆ ಬರುತ್ತದೆ. ಮೂರನೇ ವಾರದಿಂದ ಎರಡು ವಾರಕ್ಕೊಮ್ಮೆ, ಮರಿಯ ತೂಕಕ್ಕೆ ಸರಿಯಾಗಿ, ವೈದ್ಯರು ಹೇಳಿದಂತೆ ಹುಳುವಿನ ಔಷಧಿ ಹಾಕಿಸಿ. ತಾಯಿಗೂ ಜೊತೆಗೇ.

ಎರಡರಿಂದ ಏಳನೇ ವಾರ ಮರಿ ಮನುಷ್ಯರನ್ನು ಕಲಿಯುವ ಕಾಲ. ಮೊದಲ ವಾರ ದೂರವಿಟ್ಟ ಮಕ್ಕಳನ್ನು ಈಗ ಹತ್ತಿರ ಕರೆಯಿರಿ. ದಿನಕ್ಕೆ ಎರಡು ಮೂರು ಸಲ, ಐದೈದು ನಿಮಿಷ, ನೆಲದ ಮೇಲೆ ಕೂತು ತೊಡೆಯಲ್ಲಿ ಆಡಿಸಲಿ.

ಊಟ, ಮಣ್ಣಿನ ತಟ್ಟೆ

ನಾಲ್ಕನೇ ವಾರ ಹಲ್ಲು ಚುಚ್ಚತೊಡಗಿ ತಾಯಿಯೇ ಎದ್ದು ಹೋಗಲು ಶುರುಮಾಡುತ್ತದೆ. ಮರಿಯ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ, ಗಂಜಿಯಂತೆ ಮಾಡಿ, ಅಗಲ ತಟ್ಟೆಯಲ್ಲಿಡಿ. ಮೊದಮೊದಲು ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ದಿನದಿಂದ ದಿನಕ್ಕೆ ಗಟ್ಟಿ ಮಾಡುತ್ತಾ ಎಂಟನೇ ವಾರಕ್ಕೆ ಒಣ ಆಹಾರ ತಿನ್ನುವಂತಾಗಲಿ. ನಡುವೆ ತಾಯಿಯ ಹಾಲು ಕುಡಿದರೆ ತಡೆಯಬೇಡಿ.

ಇದೇ ಹೊತ್ತಿಗೆ ತಗ್ಗು ಅಂಚಿನ ಟ್ರೇಯಲ್ಲಿ ಒಣ ಮರಳು ಅಥವಾ ಜರಡಿ ಹಿಡಿದ ಮಣ್ಣು ಇಡಿ. ನೀರು ತಾಗಿದರೆ ಉಂಡೆಕಟ್ಟುವ ಅಂಗಡಿ ಮರಳು ಈಗ ಬೇಡ, ಮರಿಗಳು ತಿಂದು ಕರುಳು ಕಟ್ಟುತ್ತದೆ. ಊಟವಾದ ಕೂಡಲೇ ಟ್ರೇಯಲ್ಲಿ ಬಿಟ್ಟರೆ ಎರಡು ಮೂರು ದಿನದಲ್ಲಿ ಕಲಿಯುತ್ತವೆ. ಕಕ್ಕವನ್ನು ದಿನವೂ ತೆಗೆಯಿರಿ. ಮನೆಯಲ್ಲಿ ಬಸುರಿ ಇದ್ದರೆ ಆ ಕೆಲಸ ಬೇರೆಯವರು ಮಾಡಲಿ. ಬೆಕ್ಕಿನ ಮಲದಿಂದ ಬರುವ ಟಾಕ್ಸೊಪ್ಲಾಸ್ಮಾ ಸೋಂಕು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ಲಸಿಕೆ, ಹೊಸ ಮನೆ, ಆಪರೇಷನ್

ಆರರಿಂದ ಎಂಟನೇ ವಾರದಲ್ಲಿ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದವರೆಗೆ. ಪ್ಯಾನ್‌ಲ್ಯುಕೋಪೀನಿಯ ಎಂಬ ವಾಂತಿಭೇದಿಯ ರೋಗ ಒಂದು ಗೂಡಿನ ಎಲ್ಲ ಮರಿಗಳನ್ನೂ ಎರಡು ಮೂರು ದಿನದಲ್ಲಿ ಒಯ್ಯುತ್ತದೆ. ಅದಕ್ಕೆ ಲಸಿಕೆಯೇ ರಕ್ಷೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಯಾವುದೇ ಬೆಕ್ಕು ಕಚ್ಚಿದರೆ, ಪರಚಿದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ, ಮರಿಯೆಂದು ಉಡಾಫೆ ಬೇಡ.

ಎಂಟು ವಾರಕ್ಕೆ ಮುಂಚೆ ಮರಿಯನ್ನು ಕೊಡಬೇಡಿ, ಹತ್ತು ಹನ್ನೆರಡು ವಾರವಾದರೆ ಇನ್ನೂ ಒಳ್ಳೆಯದು. ಎಷ್ಟು ಜೋರಾಗಿ ಕಚ್ಚಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವು ಆ ಕಡೆಯ ವಾರಗಳಲ್ಲೇ ಒಡಹುಟ್ಟಿದವುಗಳಿಂದ ಕಲಿಯುವುದು. ಜೋಡಿಯಾಗಿ ಕೊಂಡೊಯ್ಯುವವರು ಸಿಕ್ಕರೆ ಅದೃಷ್ಟ. ಚೀಲದಲ್ಲಿ ಹಾಕಿ ಮೀನು ಮಾರುಕಟ್ಟೆಯ ಹತ್ತಿರ, ದೇವಸ್ಥಾನದ ಹಿಂದೆ ಬಿಟ್ಟುಬರುವುದು ನಮ್ಮಲ್ಲಿ ಇನ್ನೂ ನಡೆಯುತ್ತದೆ. ಹಸಿವಿನಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇಲ್ಲದಿದ್ದರೂ ಅದು ಮಾಡುವ ಕೆಲಸವಲ್ಲ.

ಹಾಲೂಡಿಸುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬಂದು ಗಬ್ಬವಾಗಬಲ್ಲದು. ಮರಿಗಳು ಹಾಲು ಬಿಡುವವರೆಗೆ ಒಳಗೇ ಇಟ್ಟುಕೊಳ್ಳಿ. ಹಾಲು ಬತ್ತಿದ ಒಂದೆರಡು ವಾರಕ್ಕೆ ಸಂತಾನಹರಣ ಆಪರೇಷನ್ ಮಾಡಿಸಿ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರುವುದುಂಟು, ಆದ್ದರಿಂದ ಐದು ತಿಂಗಳೊಳಗೆ ಅದಕ್ಕೂ ಆಗಿರಲಿ. ಬೆದೆ ತಡೆಯಲು ಕೊಡುವ ಹಾರ್ಮೋನ್ ಮಾತ್ರೆ, ಚುಚ್ಚುಮದ್ದಿನ ಸುಲಭ ದಾರಿ ಹಿಡಿಯಬೇಡಿ. ಮೊಲೆಯ ಗಡ್ಡೆ, ಗರ್ಭಕೋಶದ ಕೀವು ಅದರ ಹಿಂದೆಯೇ ಬರುತ್ತವೆ. ಪುಟ್ಟಿಗೆ ನಾವು ಎರಡನೇ ಸೂಲಿನ ನಂತರ ಮಾಡಿಸಿದೆವು, ಮೊದಲನೆಯದಕ್ಕೇ ಮಾಡಿಸಬೇಕಿತ್ತು.

ಮರಿ ಕೊಡುವ ದಿನ ಗೂಡಿನ ಸೀರೆಯಿಂದ ಒಂದು ತುಂಡು ಹರಿದು, ತೊಳೆಯದೆ, ಜೊತೆಗೆ ಕಳಿಸಿ. ಹೊಸ ಮನೆಯ ಮೊದಲ ರಾತ್ರಿ ಅದು ಆ ಬಟ್ಟೆಯ ಮೇಲೇ ಮಲಗುತ್ತದೆ. ತಿನ್ನುತ್ತಿದ್ದ ಆಹಾರದ ನಾಲ್ಕು ದಿನದ ಪಾಲನ್ನೂ, ಲಸಿಕೆಯ ಚೀಟಿಯನ್ನೂ ಕೊಡಿ. ಇತ್ತ ತಾಯಿಯ ಊಟವನ್ನು ಒಂದು ವಾರದಲ್ಲಿ ಮೆಲ್ಲಗೆ ಎಂದಿನ ಅಳತೆಗೆ ಇಳಿಸಿ, ಹಾಲು ತಾನಾಗಿ ಬತ್ತಲಿ. ಹಿಂಡಿ ತೆಗೆದರೆ ಮತ್ತೆ ಊರುತ್ತದೆ. ಕಪ್ಪು-ಬಿಳಿ ಮರಿಯನ್ನು ಪಕ್ಕದ ಊರಿನ ಅಕ್ಕ ಒಬ್ಬರು ಒಯ್ದಾಗ ಅದು 1 ಕಿಲೋ 100 ಗ್ರಾಂ ಇತ್ತು. ಪುಟ್ಟಿ ಮೂರು ಸಂಜೆ ಅಟ್ಟದ ಏಣಿಯ ಬುಡದಲ್ಲಿ ಕೂತು ಕರೆಯಿತು. ನಾನೂ ಪಕ್ಕದಲ್ಲಿ ಕೂತು ಅದರ ಮೊಲೆಗಳನ್ನು ಒಂದೊಂದಾಗಿ ಮುಟ್ಟಿ, ಎಲ್ಲೂ ಗಟ್ಟಿಯಾಗಿಲ್ಲ ಎಂದು ನೋಡಿಕೊಂಡೆ. ನಾಲ್ಕನೇ ಸಂಜೆ ಅದು ಕರೆಯಲಿಲ್ಲ, ಬಂದು ಊಟ ಮಾಡಿತು.